ಪರಮಾಣುವಿಗೆ ಆಸೆ ಅನ್ನೋದಿಲ್ಲ: ಒಂದು ಹರಳು ಉಪ್ಪಿನ ಒಳಗಿನ ಲೆಕ್ಕ

ಸೋಡಿಯಂ ಅಂತ ಒಂದು ಲೋಹ ಇದೆ, ಚಾಕು ಇಟ್ಟು ಒತ್ತಿದ್ರೆ ಮೇಣದ ತರ ಸಲೀಸಾಗಿ ತುಂಡಾಗುತ್ತೆ, ಕೊಯ್ದ ಜಾಗ ಬೆಳ್ಳಿ ತರ ಫಳಫಳ ಹೊಳೀತಾ ಇರುತ್ತೆ, ಆದ್ರೆ ನೋಡ್ತಾ ನೋಡ್ತಾನೇ ಗಾಳಿ ತಾಗಿ ಮಂಕಾಗಿ ಹೋಗುತ್ತೆ. ಅದನ್ನ ನೀರಿಗೆ ಹಾಕಿದ್ರೆ ಬಿಸಿಯಾಗಿ ಕರಗಿ ಒಂದು ಗುಂಡಾಗಿ ನೀರಿನ ಮೇಲೆ ಸರ್ರನೆ ಓಡಾಡುತ್ತೆ, ತುಂಡು ದೊಡ್ಡದಿದ್ರೆ ಬೆಂಕಿ ಹತ್ತಿ ಸಿಡಿಯೋದೂ ಉಂಟು, ಹಾಗಾಗಿ ಲ್ಯಾಬಲ್ಲಿ ಅದನ್ನ ಸೀಮೆಎಣ್ಣೆ ಒಳಗೆ ಮುಳುಗಿಸಿ ಇಟ್ಟಿರ್ತಾರೆ. ಇನ್ನೊಂದು ಕಡೆ ಕ್ಲೋರಿನ್, ಹಸಿರು ಹಳದಿ ಬಣ್ಣದ ಅನಿಲ, ಉಸಿರಾಡಿದ್ರೆ ಶ್ವಾಸಕೋಶವನ್ನೇ ಸುಡುತ್ತೆ, 1915ರಲ್ಲಿ ಮೊದಲನೇ ಮಹಾಯುದ್ಧದಲ್ಲಿ ಇದನ್ನೇ ಸೈನಿಕರ ಮೇಲೆ ಆಯುಧ ಮಾಡಿ ಬಿಟ್ಟಿದ್ರು. ಈ ಎರಡೂ ಸೇರಿದ್ರೆ ಏನಾಗುತ್ತೆ ಅಂದ್ರೆ ಉಪ್ಪು. ಸಮುದ್ರದ ತುಂಬಾ ಇರೋ, ನಮ್ಮ ರಕ್ತದಲ್ಲೂ ಕಣ್ಣೀರಲ್ಲೂ ಇರೋ ಅದೇ ಉಪ್ಪು.

ನಾನು ಶಾಲೇಲಿದ್ದಾಗ ಸೋಡಿಯಂ ಅಂದ್ರೆ 2, 8, 1 ಮತ್ತೆ ಕ್ಲೋರಿನ್ ಅಂದ್ರೆ 2, 8, 7 ಅಂತ, ಅಂದ್ರೆ ಪರಮಾಣುವಿನ ಒಳಗಿಂದ ಹೊರಕ್ಕೆ ಒಂದೊಂದು ಪದರದಲ್ಲಿ ಎಷ್ಟೆಷ್ಟು ಎಲೆಕ್ಟ್ರಾನ್ ಅನ್ನೋದನ್ನ, ಬಾಯಿಪಾಠ ಮಾಡಿದ್ದೆ, ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತೆ, ಕ್ಲೋರಿನ್ ತಗೊಳ್ಳುತ್ತೆ, ಇಬ್ಬರಿಗೂ ಎಂಟು ಆಗುತ್ತೆ, ಇಬ್ಬರೂ ಖುಷಿ ಅಂತ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದ್ರೆ ಎಂಟೇ ಯಾಕೆ, ಕೊಡೋದು ಅಂದ್ರೆ ಏನು, ಪರಮಾಣುಗೆ ಎಂಟು ಬೇಕು ಅಂತ ಯಾರು ಹೇಳಿಕೊಟ್ರು, ಇದ್ಯಾವುದೂ ಅರ್ಥ ಆಗಿರ್ಲಿಲ್ಲ. ಬಹಳ ವರ್ಷ ಆದಮೇಲೆ ಗೊತ್ತಾಗಿದ್ದು, ಪರಮಾಣುಗೆ ಬೇಕು ಬೇಡ ಅನ್ನೋದು ಏನೂ ಇಲ್ಲ, ಇರೋದು ಪ್ಲಸ್ಸು ಮೈನಸ್ಸಿನ ಎಳೆದಾಟ ಮಾತ್ರ, ಆ ಎಳೆದಾಟದ ಲೆಕ್ಕ ಹಾಕಿದ್ರೆ ಉಪ್ಪು ಯಾಕೆ ಆಗುತ್ತೆ ಅನ್ನೋದು ತಾನಾಗೇ ಬರುತ್ತೆ. ಆ ಲೆಕ್ಕದ ತನಕ ಹೋಗೋಣ, ಅದಕ್ಕೆ ಮೊದಲು ಪರಮಾಣು ಒಳಗೆ ಏನಿದೆ ಅಂತ ಸ್ವಲ್ಪ ನೋಡ್ಲೇಬೇಕು.

ವಸ್ತುಗಳೆಲ್ಲ ಕಣ್ಣಿಗೆ ಕಾಣದ ಸಣ್ಣ ಕಣಗಳಿಂದ ಆಗಿವೆ ಅನ್ನೋ ಯೋಚನೆ ತುಂಬಾ ಹಳೇದು, ಆದ್ರೆ ಅದನ್ನ ತೂಕದ ಲೆಕ್ಕಕ್ಕೆ ತಂದಿದ್ದು ಇಂಗ್ಲೆಂಡಿನ ಜಾನ್ ಡಾಲ್ಟನ್, 1800ರ ಆಸುಪಾಸಿನ ವರ್ಷಗಳಲ್ಲಿ. ಒಂದೊಂದು ಧಾತುವಿಗೂ ತನ್ನದೇ ತೂಕದ ಪರಮಾಣು ಇದೆ, ಅವು ಒಂದಕ್ಕೆ ಒಂದು, ಒಂದಕ್ಕೆ ಎರಡು ಅಂತ ಇಡೀ ಸಂಖ್ಯೆಯಲ್ಲೇ ಸೇರ್ತಾವೆ ಅಂದ. ಡಾಲ್ಟನ್ ಪ್ರಕಾರ ಪರಮಾಣು ಒಡೆಯೋಕೆ ಆಗದ ಗಟ್ಟಿ ಗುಂಡು. ಹತ್ತಿರ ಹತ್ತಿರ ತೊಂಬತ್ತು ವರ್ಷ ಈ ಗುಂಡು ಗಟ್ಟಿಯಾಗೇ ಇತ್ತು.

1897ರಲ್ಲಿ ಜೆ. ಜೆ. ಥಾಮ್ಸನ್, ಗಾಳಿ ತೆಗೆದ ಗಾಜಿನ ಕೊಳವೆ ಒಳಗೆ ಕರೆಂಟ್ ಹರಿಸಿದಾಗ ಕಾಣೋ ಕಿರಣಗಳನ್ನ ಇಟ್ಕೊಂಡು ಪ್ರಯೋಗ ಮಾಡ್ತಿದ್ದ. ಆ ಕಿರಣ ಪ್ಲಸ್ ತಟ್ಟೆ ಕಡೆಗೆ ಬಾಗ್ತಿತ್ತು, ಅಂದ್ರೆ ಅದು ಮೈನಸ್ ಚಾರ್ಜಿನ ಕಣಗಳ ಹರಿವು. ಆದ್ರೆ ಇಲ್ಲಿ ನಿಜವಾಗ್ಲೂ ಮುಖ್ಯ ಆದ ವಿಷಯ ಬೇರೆ: ಕೊಳವೆ ಒಳಗಿನ ಲೋಹ ಬದಲಾಯಿಸಿದ್ರೂ, ಅನಿಲ ಬದಲಾಯಿಸಿದ್ರೂ ಬರ್ತಿದ್ದ ಕಣ ಮಾತ್ರ ಅದೇ. ಅಂದ್ಮೇಲೆ ಆ ಕಣ ಎಲ್ಲಾ ಪರಮಾಣುಗಳ ಒಳಗೂ ಇರ್ಬೇಕು ಅಲ್ವಾ. ಅದೇ ಎಲೆಕ್ಟ್ರಾನ್. ಆದ್ರೆ ಪರಮಾಣುಗೆ ಒಟ್ಟಾರೆ ಚಾರ್ಜ್ ಇಲ್ಲ, ಹಾಗಿದ್ರೆ ಒಳಗೆ ಅಷ್ಟೇ ಪ್ಲಸ್ ಚಾರ್ಜೂ ಎಲ್ಲೋ ಇರ್ಬೇಕು, ಆ ಪ್ಲಸ್ಸು ಪರಮಾಣು ತುಂಬಾ ಸಮನಾಗಿ ಹರಡಿಕೊಂಡಿದೆ, ಎಲೆಕ್ಟ್ರಾನ್‌ಗಳು ಅದರಲ್ಲಿ ಅಲ್ಲಲ್ಲಿ ಹುದುಗಿವೆ ಅಂತ ಥಾಮ್ಸನ್ ಅಂದ್ಕೊಂಡ.

ಇದು ನಿಜಾನಾ ಅಂತ ನೋಡೋಕೆ ಅರ್ನೆಸ್ಟ್ ರುದರ್‌ಫರ್ಡ್ ಜೊತೆ ಕೆಲಸ ಮಾಡ್ತಿದ್ದ ಹ್ಯಾನ್ಸ್ ಗೈಗರ್ ಮತ್ತೆ ಅರ್ನೆಸ್ಟ್ ಮಾರ್ಸ್‌ಡೆನ್, ತುಂಬಾ ತೆಳ್ಳಗಿನ ಚಿನ್ನದ ಹಾಳೆ ಮೇಲೆ ಆಲ್ಫಾ ಕಣಗಳನ್ನ ಬಿಟ್ರು. ಆಲ್ಫಾ ಅಂದ್ರೆ ಪ್ಲಸ್ ಚಾರ್ಜ್ ಇರೋ, ವೇಗವಾಗಿ ಹೋಗೋ, ಎಲೆಕ್ಟ್ರಾನಿಗಿಂತ ಏಳು ಸಾವಿರಕ್ಕೂ ಹೆಚ್ಚು ಪಟ್ಟು ಭಾರದ ಕಣ. ಕತ್ತಲೆ ಕೋಣೇಲಿ ಕೂತು, ಕಣ ಬಂದು ಬಡಿದಾಗ ಪರದೆ ಮೇಲೆ ಮಿಂಚೋ ಸಣ್ಣ ಸಣ್ಣ ಚುಕ್ಕೆಗಳನ್ನ ಮೈಕ್ರೋಸ್ಕೋಪಲ್ಲಿ ಕಣ್ಣಿಟ್ಟು ಒಂದೊಂದಾಗಿ ಎಣಿಸಬೇಕಿತ್ತು, ಅಷ್ಟು ತಾಳ್ಮೆಯ ಕೆಲಸ ಅದು. ಬಹುಪಾಲು ಕಣಗಳು ಹಾಳೆ ಅಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ನೇರ ಆಚೆ ಹೋದ್ವು. ಆದ್ರೆ ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಬಂದ ದಾರಿಗೇ ವಾಪಸ್ ಪುಟಿದು ಬಂತು. ಪ್ಲಸ್ ಚಾರ್ಜ್ ಎಲ್ಲಾ ಕಡೆ ತೆಳ್ಳಗೆ ಹರಡಿದ್ರೆ ಅಷ್ಟು ಭಾರದ ಕಣವನ್ನ ಹಿಂದಕ್ಕೆ ತಳ್ಳೋ ಶಕ್ತಿ ಯಾವ ಒಂದು ಜಾಗದಲ್ಲೂ ಇರ್ತಿರ್ಲಿಲ್ಲ. 1911ರಲ್ಲಿ ರುದರ್‌ಫರ್ಡ್ ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಪರಮಾಣುವಿನ ಎಲ್ಲಾ ಪ್ಲಸ್ ಚಾರ್ಜು, ಹೆಚ್ಚುಕಮ್ಮಿ ಎಲ್ಲಾ ತೂಕ ನಡುವಿನ ಒಂದು ಅತೀ ಸಣ್ಣ ಜಾಗದಲ್ಲಿ ಒತ್ತಾಗಿ ಸೇರಿಕೊಂಡಿದೆ, ಉಳಿದಿದ್ದು ಖಾಲಿ. ಆ ನಡುವಿನದಕ್ಕೇ ನ್ಯೂಕ್ಲಿಯಸ್ ಅನ್ನೋದು.

ಎಷ್ಟು ಸಣ್ಣದು ಅನ್ನೋದನ್ನ ಪುಸ್ತಕದ ಚಿತ್ರ ಯಾವತ್ತೂ ತೋರಿಸೋಕೆ ಆಗಲ್ಲ. ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್‌ನ 1 ಸೆಂಟಿಮೀಟರ್ ಅಗಲದ ಗೋಲಿ ಅಂತ ಅಂದ್ಕೊಂಡ್ರೆ ಇಡೀ ಪರಮಾಣು ಅರ್ಧ ಕಿಲೋಮೀಟರ್‌ಗಿಂತ ಅಗಲ ಆಗುತ್ತೆ. ಪುಸ್ತಕದಲ್ಲಿ ನಡುವೆ ದೊಡ್ಡ ಗುಂಡು, ಸುತ್ತ ಮೂರ್ನಾಲ್ಕು ರಿಂಗು, ರಿಂಗಿನ ಮೇಲೆ ಮಣಿ ಪೋಣಿಸಿದ ಹಾಗೆ ಎಲೆಕ್ಟ್ರಾನ್ ಇರುತ್ತಲ್ಲ, ಅದು ಲೆಕ್ಕ ಇಟ್ಕೊಳ್ಳೋಕೆ ಒಳ್ಳೇ ಚಿತ್ರ, ಆದ್ರೆ ಪರಮಾಣು ನೋಡೋಕೆ ಹಾಗಿದೆ ಅಂತ ಮನಸ್ಸಲ್ಲಿ ಕೂರಿಸಿಕೊಂಡ್ರೆ ಮುಂದೆ ಕಷ್ಟ ಆಗುತ್ತೆ.

ನ್ಯೂಕ್ಲಿಯಸ್ ಒಳಗೆ ಎರಡು ತರದ ಕಣ. ಪ್ಲಸ್ ಚಾರ್ಜಿರೋ ಪ್ರೋಟಾನು, ಯಾವ ಚಾರ್ಜೂ ಇಲ್ಲದ ನ್ಯೂಟ್ರಾನು, ಎರಡೂ ಹೆಚ್ಚುಕಮ್ಮಿ ಒಂದೇ ತೂಕ. ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲದೇ ಇದ್ದಿದ್ರಿಂದ ಅದನ್ನ ಹಿಡಿಯೋದು ತಡ ಆಯ್ತು, 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ. ಎಲೆಕ್ಟ್ರಾನ್ ಇವುಗಳ ಮುಂದೆ ತುಂಬಾ ಹಗುರ, ಒಂದು ಪ್ರೋಟಾನ್ ತೂಕಕ್ಕೆ 1836 ಎಲೆಕ್ಟ್ರಾನ್ ಬೇಕು, ಆದ್ರೆ ಚಾರ್ಜ್ ಮಾತ್ರ ಸಮ ಸಮ, ಒಂದು ಪ್ಲಸ್ಸಿಗೆ ಒಂದು ಮೈನಸ್ಸು. ಪ್ಲಸ್ಸು ಪ್ಲಸ್ಸು ಒಂದನ್ನೊಂದು ತಳ್ಳಬೇಕಲ್ಲ, ಅಷ್ಟು ಇಕ್ಕಟ್ಟಲ್ಲಿ ಪ್ರೋಟಾನ್‌ಗಳು ಚದುರಿ ಹೋಗದೇ ಹೇಗೆ ಇರ್ತಾವೆ ಅಂತ ಕೇಳೋರು ಒಳ್ಳೇ ಪ್ರಶ್ನೆ ಕೇಳ್ತಿದ್ದಾರೆ. ಅಲ್ಲಿ ಬೇರೆಯದೇ ಒಂದು ಬಲ ಕೆಲಸ ಮಾಡುತ್ತೆ, ಪ್ರಬಲ ನ್ಯೂಕ್ಲಿಯರ್ ಬಲ ಅಂತ, ಅದು ಪ್ರೋಟಾನ್ ನ್ಯೂಟ್ರಾನ್ ಎರಡನ್ನೂ ಹಿಡಿದಿಡುತ್ತೆ, ಆದ್ರೆ ನ್ಯೂಕ್ಲಿಯಸ್‌ನಷ್ಟು ಸಣ್ಣ ದೂರ ದಾಟಿದ್ರೆ ಅದರ ಆಟ ಮುಗೀತು. ಕೆಮಿಸ್ಟ್ರಿಗೆ ಅದು ಬೇಕಾಗಲ್ಲ.

ಈಗ ಒಂದು ವಿಷಯ ಗಟ್ಟಿ ಮಾಡ್ಕೊಳ್ಳಿ. ಒಂದು ಪರಮಾಣು ಯಾವ ಧಾತು ಅನ್ನೋದನ್ನ ಹೇಳೋದು ಪ್ರೋಟಾನ್ ಸಂಖ್ಯೆ ಮಾತ್ರ. 11 ಪ್ರೋಟಾನ್ ಇದ್ರೆ ಅದು ಸೋಡಿಯಂ, ಎಲ್ಲೇ ಇರಲಿ ಹೇಗೇ ಇರಲಿ, 17 ಇದ್ರೆ ಕ್ಲೋರಿನ್, 79 ಇದ್ರೆ ಚಿನ್ನ. ಇದಕ್ಕೇ ಪರಮಾಣು ಸಂಖ್ಯೆ ಅಂತಾರೆ. ಎಲೆಕ್ಟ್ರಾನ್ ಬಂದು ಹೋಗಬಹುದು, ಆಗ ಅದು ಅಯಾನು ಆಗುತ್ತೆ, ಧಾತು ಬದಲಾಗಲ್ಲ. ನ್ಯೂಟ್ರಾನ್ ಹೆಚ್ಚುಕಮ್ಮಿ ಇರಬಹುದು, ಆಗ ಐಸೋಟೋಪ್ ಅಂತಾರೆ, ಆಗ್ಲೂ ಧಾತು ಬದಲಾಗಲ್ಲ. ಕ್ಲೋರಿನ್ ತಗೊಳ್ಳಿ, ಪ್ರೋಟಾನ್ ಎಲ್ಲದರಲ್ಲೂ 17, ಆದ್ರೆ ಕೆಲವದರಲ್ಲಿ ನ್ಯೂಟ್ರಾನ್ 18, ಕೆಲವದರಲ್ಲಿ 20, ಪ್ರೋಟಾನು ನ್ಯೂಟ್ರಾನು ಕೂಡಿಸಿದ್ರೆ ಒಂದು 35, ಇನ್ನೊಂದು 37, ಇದು ರಾಶಿ ಸಂಖ್ಯೆ. ಪ್ರಕೃತಿಯಲ್ಲಿ ಸಿಗೋ ಕ್ಲೋರಿನ್‌ನಲ್ಲಿ ನಾಲ್ಕು ಪರಮಾಣು ತಗೊಂಡ್ರೆ ಸುಮಾರಾಗಿ ಮೂರು 35ರದ್ದು, ಒಂದು 37ರದ್ದು, ಸರಾಸರಿ ಹಾಕಿದ್ರೆ 35.5 ಬರುತ್ತೆ. ಧಾತುಗಳನ್ನ ಸಾಲಾಗಿ ಪಟ್ಟಿ ಮಾಡಿರೋ ಕೋಷ್ಟಕದಲ್ಲಿ ಕ್ಲೋರಿನ್ ಎದುರಿಗೆ ಆ ಅರ್ಧ ಎಲ್ಲಿಂದ ಬಂತು, ಅರ್ಧ ನ್ಯೂಟ್ರಾನ್ ಇರುತ್ತಾ ಅಂತ ತಲೆ ಕೆಡಿಸಿಕೊಳ್ಳೋ ಮಕ್ಕಳನ್ನ ನೋಡಿದ್ದೀನಿ, ಆ ಅರ್ಧ ಸರಾಸರಿಯಿಂದ ಬಂದಿದ್ದು, ಅಷ್ಟೇ.

ಪ್ರೋಟಾನ್ ಸಂಖ್ಯೆನೇ ಮುಖ್ಯ ಅನ್ನೋದು ಈಗ ಸುಲಭವಾಗಿ ಹೇಳ್ತೀವಿ, ಆದ್ರೆ ಅಲ್ಲಿಗೆ ಬಂದ ದಾರಿ ನನಗೆ ತುಂಬಾ ಇಷ್ಟ, ಸ್ವಲ್ಪ ಹೇಳ್ಲೇಬೇಕು. 1869ರಲ್ಲಿ ರಷ್ಯಾದ ಡಿಮಿಟ್ರಿ ಮೆಂಡಲೀವ್ ಆಗ ಗೊತ್ತಿದ್ದ ಅರವತ್ತಕ್ಕೂ ಹೆಚ್ಚು ಧಾತುಗಳನ್ನ ತೂಕದ ಪ್ರಕಾರ ಸಾಲಾಗಿ ಇಟ್ಟ, ಇಡ್ತಾ ಹೋದಹಾಗೆ ಗುಣಗಳು ಮತ್ತೆ ಮತ್ತೆ ಮರುಕಳಿಸ್ತಿದ್ವು, ಅದಕ್ಕೇ ಆವರ್ತಕ ಕೋಷ್ಟಕ ಅನ್ನೋ ಹೆಸರು. ಎಲೆಕ್ಟ್ರಾನ್ ಅಂತ ಒಂದಿದೆ ಅನ್ನೋದೇ ಯಾರಿಗೂ ಗೊತ್ತಿರದ ಕಾಲ ಅದು. ಎಲ್ಲಿ ಗುಣ ಹೊಂದಲಿಲ್ವೋ ಅಲ್ಲಿ ಬಲವಂತವಾಗಿ ತುಂಬಿಸದೆ ಮನೆ ಖಾಲಿ ಬಿಟ್ಟ, ಬಿಟ್ಟಿದ್ದಷ್ಟೇ ಅಲ್ಲ, ಇಲ್ಲಿ ಬರಬೇಕಾದ ಧಾತುವಿನ ತೂಕ ಇಷ್ಟಿರುತ್ತೆ, ಸಾಂದ್ರತೆ ಇಷ್ಟಿರುತ್ತೆ ಅಂತ ಮೊದಲೇ ಹೇಳಿದ. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ತೂಕ 68ರ ಹತ್ತಿರ ಅಂದಿದ್ದ, 1875ರಲ್ಲಿ ಗ್ಯಾಲಿಯಂ ಸಿಕ್ತು, ಅದರ ತೂಕ 69.7. ಸಿಲಿಕಾನ್ ಕೆಳಗಿನ ಮನೆಗೆ 72 ಅಂದಿದ್ದ, 1886ರಲ್ಲಿ ಜರ್ಮೇನಿಯಂ ಸಿಕ್ತು, 72.6.

ಆದ್ರೆ ಒಂದು ಕಡೆ ತೂಕದ ಸಾಲು ಕೈಕೊಡ್ತಿತ್ತು. ಟೆಲುರಿಯಂ 127.6, ಅಯೋಡಿನ್ 126.9, ತೂಕ ನೋಡಿದ್ರೆ ಅಯೋಡಿನ್ ಮೊದಲು ಬರಬೇಕು, ಆದ್ರೆ ಗುಣ ನೋಡಿದ್ರೆ ಅಯೋಡಿನ್ ಪಕ್ಕಾ ಕ್ಲೋರಿನ್ ಬ್ರೋಮಿನ್ ಮನೆಯವನು. ಮೆಂಡಲೀವ್ ಗುಣವನ್ನೇ ನಂಬಿ ಟೆಲುರಿಯಂನ ಮೊದಲು ಇಟ್ಟ, ತೂಕ ಅಳೆದೋರು ಎಲ್ಲೋ ತಪ್ಪಿರಬೇಕು ಅಂತ ಅಂದ್ಕೊಂಡ. ತೂಕ ತಪ್ಪಿರ್ಲಿಲ್ಲ. 1913ರಲ್ಲಿ ಹೆನ್ರಿ ಮೋಸ್ಲೆ ಅನ್ನೋ ಹುಡುಗ, ಧಾತುಗಳು ಹೊರಗೆ ಬಿಡೋ ಎಕ್ಸ್‌ರೇ ಅಳೆದು, ಒಂದು ಧಾತುವಿನಿಂದ ಮುಂದಿನದಕ್ಕೆ ಹೋದಾಗ ಒಂದೊಂದೇ ಮೆಟ್ಟಿಲು ಏರೋ ಒಂದು ಸಂಖ್ಯೆ ಇದೆ, ಅದು ನ್ಯೂಕ್ಲಿಯಸ್‌ನ ಚಾರ್ಜು ಅಂತ ತೋರಿಸಿದ. ಆ ಸಂಖ್ಯೆ ಪ್ರಕಾರ ಟೆಲುರಿಯಂ 52, ಅಯೋಡಿನ್ 53. ಮೆಂಡಲೀವ್ ಇಟ್ಟ ಸಾಲು ಸರಿ, ಕೊಟ್ಟ ಕಾರಣ ಮಾತ್ರ ತಪ್ಪು. ಮೋಸ್ಲೆ ಎರಡೇ ವರ್ಷದಲ್ಲಿ, 1915ರಲ್ಲಿ, ಗಲಿಪೊಲಿ ಯುದ್ಧದಲ್ಲಿ ತೀರಿಹೋದ, ಆಗ ಅವನಿಗೆ 27 ವಯಸ್ಸು. ಇವತ್ತು ಕೋಷ್ಟಕದಲ್ಲಿ 118 ಮನೆ ತುಂಬಿದೆ, 1ರಿಂದ 118ರ ತನಕ ನಡುವೆ ಒಂದೂ ಖಾಲಿ ಇಲ್ಲ, ಪ್ರತಿ ಮನೆ ಮೇಲಿರೋ ಆ ನಂಬರ್ ನೋಡಿದಾಗೆಲ್ಲ ನನಗೆ ಆ ಹುಡುಗನೇ ನೆನಪಾಗೋದು.

ಸರಿ, ಈಗ ಎಲೆಕ್ಟ್ರಾನ್‌ಗೆ ಬರೋಣ. ಮೈನಸ್ ಎಲೆಕ್ಟ್ರಾನ್‌ನ ಪ್ಲಸ್ ನ್ಯೂಕ್ಲಿಯಸ್ ಎಳೀತಾ ಇರುತ್ತಲ್ಲ, ಮತ್ತೆ ಅದು ಹೋಗಿ ಬೀಳಲ್ಲ ಯಾಕೆ? ಸೂರ್ಯನ ಸುತ್ತ ಗ್ರಹ ಸುತ್ತೋ ಹಾಗೆ ಸುತ್ತುತ್ತೆ ಅಂದ್ರೆ ಸಾಲದು, ಯಾಕಂದ್ರೆ ಚಾರ್ಜ್ ಇರೋ ಕಣ ಹಾಗೆ ಸುತ್ತಿದ್ರೆ ಬೆಳಕಿನ ರೂಪದಲ್ಲಿ ಶಕ್ತಿ ಕಳ್ಕೊಂಡು ಕಣ್ಣು ಮಿಟುಕಿಸೋದ್ರೊಳಗೆ ಒಳಗೆ ಬಿದ್ದುಹೋಗಬೇಕು. 1913ರಲ್ಲಿ ನೀಲ್ಸ್ ಬೋರ್, ಎಲೆಕ್ಟ್ರಾನ್‌ಗೆ ಕೆಲವೇ ಕೆಲವು ಶಕ್ತಿಯ ಮಟ್ಟಗಳಲ್ಲಿ ಮಾತ್ರ ಇರೋಕೆ ಸಾಧ್ಯ, ನಡುವೆ ಎಲ್ಲೂ ನಿಲ್ಲೋ ಹಾಗಿಲ್ಲ ಅಂದ, ಮೆಟ್ಟಿಲ ಮೇಲೆ ನಿಲ್ಲಬಹುದು ಎರಡು ಮೆಟ್ಟಿಲ ನಡುವೆ ಗಾಳೀಲಿ ನಿಲ್ಲೋಕಾಗಲ್ಲ ಅನ್ನೋ ತರ. ಮೇಲಿನ ಮೆಟ್ಟಿಲಿಂದ ಕೆಳಗೆ ಇಳಿದಾಗ ಆ ವ್ಯತ್ಯಾಸದಷ್ಟೇ ಶಕ್ತಿಯ ಬೆಳಕು ಬರುತ್ತೆ. ಸೋಡಿಯಂ ದೀಪದ ಹಳದಿ ಬೆಳಕು ಇದೆಯಲ್ಲ, ಅದು ಸೋಡಿಯಂ ಪರಮಾಣುವಿನ ಹೊರಗಿನ ಆ ಒಂದು ಎಲೆಕ್ಟ್ರಾನು ಒಂದು ಮೆಟ್ಟಿಲು ಇಳಿದಾಗ ಬರೋ ಬೆಳಕು, ಬೇರೆ ಬಣ್ಣ ಬರೋಕೆ ಬೇರೆ ಮೆಟ್ಟಿಲು ಬೇಕು. ಆಮೇಲೆ 1926ರ ಹೊತ್ತಿಗೆ ಎರ್ವಿನ್ ಶ್ರೋಡಿಂಗರ್ ಮುಂತಾದೋರ ಕೆಲಸದಿಂದ ಇನ್ನೂ ಸರಿಯಾದ ಚಿತ್ರ ಬಂತು: ಎಲೆಕ್ಟ್ರಾನ್ ಗೆರೆ ಹಾಕಿದ ದಾರೀಲಿ ಓಡಾಡಲ್ಲ, ಅದು ಎಲ್ಲಿ ಸಿಗಬಹುದು ಅನ್ನೋ ಸಾಧ್ಯತೆ ನ್ಯೂಕ್ಲಿಯಸ್ ಸುತ್ತ ಮೋಡದ ತರ ಹರಡಿಕೊಂಡಿರುತ್ತೆ, ಅದಕ್ಕೆ ಕಕ್ಷಕ ಅಂತ ಹೆಸರು. ಪಿಯುಸಿ ದಾಟಿದ್ಮೇಲೆ ಇದು ಚೆನ್ನಾಗಿ ಬರುತ್ತೆ, ಈಗ ಮೆಟ್ಟಿಲುಗಳ ಲೆಕ್ಕ ಸಾಕು.

ಈ ದೊಡ್ಡ ಮೆಟ್ಟಿಲುಗಳಿಗೆ ಕವಚ ಅಂತಾರೆ. ಮೊದಲನೇ ಕವಚದಲ್ಲಿ 2 ಎಲೆಕ್ಟ್ರಾನ್‌ಗೆ ಮಾತ್ರ ಜಾಗ, ಎರಡನೇದರಲ್ಲಿ 8, ಮೂರನೇದರಲ್ಲಿ 18. ಸೋಡಿಯಂನ 11ರಲ್ಲಿ ಒಳಗೆ 2, ಆಮೇಲೆ 8, ಮಿಕ್ಕಿದ 1 ಮೂರನೇ ಕವಚಕ್ಕೆ. ಪೊಟಾಶಿಯಂ ಹತ್ರ ಬಂದಾಗ ಎಲ್ಲರಿಗೂ ಒಂದು ಗೊಂದಲ, 19 ಎಲೆಕ್ಟ್ರಾನು, ಮೂರನೇದರಲ್ಲಿ 18ಕ್ಕೆ ಜಾಗ ಇದೆ ಅಂದ್ಮೇಲೆ 2, 8, 9 ಆಗಬೇಕಲ್ಲ, 2, 8, 8, 1 ಯಾಕೆ ಅಂತ. ಕಾರಣ ಏನಂದ್ರೆ ಒಂದೊಂದು ಕವಚದ ಒಳಗೂ ಉಪಕವಚಗಳಿವೆ, ಮೂರನೇ ಕವಚದ ಕೊನೇ ಉಪಕವಚಕ್ಕಿಂತ ನಾಲ್ಕನೇ ಕವಚದ ಮೊದಲನೇ ಉಪಕವಚ ಅಲ್ಲಿ ಕಡಿಮೆ ಶಕ್ತಿಯಲ್ಲಿ ಸಿಗುತ್ತೆ, ಎಲೆಕ್ಟ್ರಾನ್ ಕಡಿಮೆ ಶಕ್ತಿ ಇರೋ ಕಡೆ ಹೋಗುತ್ತೆ.

ಈಗ ಆ ಲೆಕ್ಕಕ್ಕೆ ಬಂದ್ವಿ. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತೆ ಅಂತೀವಲ್ಲ, ಕೊಡಲ್ಲ ಕಣ್ರೀ, ಕಿತ್ಕೋಬೇಕು, ಕಿತ್ಕೊಳ್ಳೋಕೆ ಶಕ್ತಿ ಖರ್ಚಾಗುತ್ತೆ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳೋಕೆ 496 ಕಿಲೋಜೂಲ್ ಬೇಕು. (ಕಿಲೋಜೂಲ್ ಅಂದ್ರೆ ಶಕ್ತಿ ಅಳೆಯೋ ಮಾನ. ಮೋಲ್ ಅಂದ್ರೆ ಡಜನ್ ತರ ಒಂದು ಎಣಿಕೆ, ಅದರ ವಿಷಯ ಮುಂದೆ ಹೇಳ್ತೀನಿ.) ಎರಡನೇ ಎಲೆಕ್ಟ್ರಾನ್ ಕೀಳ್ತೀನಿ ಅಂತ ಹೋದ್ರೆ 4562 ಕಿಲೋಜೂಲ್. ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ, ಒಂಬತ್ತು ಪಟ್ಟು ಏರಿದೆ. ಯಾಕಂದ್ರೆ ಮೊದಲನೇದು ದೂರದಲ್ಲಿ ಒಂಟಿಯಾಗಿತ್ತು, ಒಳಗಿನ 10 ಎಲೆಕ್ಟ್ರಾನ್ ನಡುವೆ ಅಡ್ಡ ನಿಂತು ನ್ಯೂಕ್ಲಿಯಸ್‌ನ 11 ಪ್ಲಸ್ಸಿನ ಎಳೆತವನ್ನ ಬಹುಪಾಲು ಮರೆ ಮಾಡಿದ್ವು, ಎರಡನೇದು ಒಳಗಿನ ಕವಚದ್ದು, ನ್ಯೂಕ್ಲಿಯಸ್‌ಗೆ ಹತ್ತಿರ, ಮರೆ ಕಡಿಮೆ, ಹಿಡಿತ ಬಿಗಿ. ಸೋಡಿಯಂ ಯಾವಾಗ್ಲೂ ಒಂದು ಪ್ಲಸ್ಸಿನ ಅಯಾನೇ ಆಗುತ್ತೆ, ಎರಡು ಪ್ಲಸ್ ಆಗಲ್ಲ ಅನ್ನೋದಕ್ಕೆ ಕಾರಣ ಈ ಸಂಖ್ಯೆ, ಎಂಟರ ಮೇಲಿನ ಆಸೆ ಅಲ್ಲ.

ಇನ್ನು ಕ್ಲೋರಿನ್ ಕಡೆ. ಅದರ ಹೊರಗಿನ ಕವಚದಲ್ಲಿ 7 ಇವೆ, ಇನ್ನೊಂದಕ್ಕೆ ಅದೇ ಮಟ್ಟದಲ್ಲಿ ಜಾಗ ಇದೆ, 17 ಪ್ಲಸ್ಸಿನ ಎಳೆತ ಅಲ್ಲಿಗೆ ಜೋರಾಗೇ ತಲುಪುತ್ತೆ, ಎಲೆಕ್ಟ್ರಾನ್ ಬಂದು ಕೂತ್ರೆ 349 ಕಿಲೋಜೂಲ್ ಹೊರಗೆ ಬರುತ್ತೆ. ಈಗ ನೀವೇ ಕಳೀರಿ, ಕೀಳೋಕೆ 496 ಖರ್ಚು, ಕೂರಿಸಿದ್ರೆ 349 ವಾಪಸ್, 147 ನಷ್ಟ! ಅದೂ ಅಲ್ದೆ ಗಟ್ಟಿ ಸೋಡಿಯಂ ತುಂಡಿಂದ ಪರಮಾಣುಗಳನ್ನ ಬಿಡಿಸೋಕೆ 107, ಕ್ಲೋರಿನ್ ಜೋಡಿ ಜೋಡಿಯಾಗಿರುತ್ತೆ ಅದನ್ನ ಬಿಡಿಸೋಕೆ ಸುಮಾರು 122, ಇದೂ ಖರ್ಚೇ. ಅಂದ್ರೆ ಎಂಟು ಎಂಟು ಮಾಡ್ಕೊಂಡು ಖುಷಿಯಾಗಿರೋ ಕಥೆ ಇಷ್ಟಕ್ಕೇ ನಿಂತಿದ್ರೆ ಜಗತ್ತಲ್ಲಿ ಉಪ್ಪೇ ಇರ್ತಿರ್ಲಿಲ್ಲ.

ಲೆಕ್ಕ ತುಂಬೋದು ಎಲ್ಲಿ ಅಂದ್ರೆ ಆಮೇಲೆ. ಪ್ಲಸ್ ಸೋಡಿಯಂ ಅಯಾನು, ಮೈನಸ್ ಕ್ಲೋರೈಡ್ ಅಯಾನು ಆದ್ವಲ್ಲ, ಅವು ಒಂದನ್ನೊಂದು ಎಳ್ಕೊಂಡು ಹತ್ತಿರ ಬರ್ತಾವೆ, ಅದೂ ಜೋಡಿಯಾಗಿ ನಿಲ್ಲಲ್ಲ, ಒಂದು ಸೋಡಿಯಂ ಸುತ್ತ 6 ಕ್ಲೋರೈಡು, ಒಂದು ಕ್ಲೋರೈಡ್ ಸುತ್ತ 6 ಸೋಡಿಯಂ, ಮೇಲೆ ಕೆಳಗೆ ಎಡ ಬಲ ಹಿಂದೆ ಮುಂದೆ ಹೀಗೆ ಕೊನೆಯಿಲ್ಲದ ಚೌಕಳಿ ಕಟ್ಕೊಂಡು ಹೋಗ್ತಾವೆ. ಹೀಗೆ ಸೇರಿದಾಗ ಹೊರಗೆ ಬರೋ ಶಕ್ತಿ 787 ಕಿಲೋಜೂಲ್. ಒಟ್ಟು ಖರ್ಚು 107, 122, 496 ಸೇರಿ 725, ಒಟ್ಟು ಬಂದಿದ್ದು 349, 787 ಸೇರಿ 1136, ಉಳಿದಿದ್ದು 411 ಕಿಲೋಜೂಲ್. ಸೋಡಿಯಂ ಕ್ಲೋರಿನ್ ಒಳಗೆ ಉರಿದಾಗ ಕಾಣೋ ಬೆಂಕಿ, ಬಿಸಿ ಎಲ್ಲಾ ಆ 411. ಸೋಡಿಯಂ ಲೋಹ 98 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ, ಉಪ್ಪು ಕರಗೋಕೆ 801 ಡಿಗ್ರಿ ಬೇಕು, ಆ ಚೌಕಳಿ ಅಷ್ಟು ಬಿಗಿ. ಇನ್ನು ಉಪ್ಪಿನೊಳಗೆ ಆ ಕ್ಲೋರಿನ್ ಯಾಕೆ ಸುಡಲ್ಲ ಅಂದ್ರೆ, ಸುಡ್ತಿದ್ದ ಕ್ಲೋರಿನ್‌ಗೆ ಎಲೆಕ್ಟ್ರಾನ್ ಕಿತ್ಕೊಳ್ಳೋ ಜಾಗ ಖಾಲಿ ಇತ್ತು, ಈಗ ಆ ಜಾಗ ತುಂಬಿದೆ, ಪ್ರೋಟಾನ್ ಅದೇ 17, ನಡತೆ ಪೂರ್ತಿ ಬೇರೆ. ಹೊರಗಿನ ಒಂದೇ ಒಂದು ಎಲೆಕ್ಟ್ರಾನ್‌ನಿಂದ ಇಷ್ಟು ವ್ಯತ್ಯಾಸ.

ಎಲ್ಲಾ ಕಡೆ ಹೀಗೆ ಕಿತ್ಕೊಳ್ಳೋದು ಲಾಭ ಆಗಲ್ಲ. ಎರಡು ಹೈಡ್ರೋಜನ್ ಪರಮಾಣು ಹತ್ತಿರ ಬಂದ್ರೆ ಇಬ್ಬರ ಬಲವೂ ಸಮ, ಯಾರೂ ಯಾರಿಂದಲೂ ಕಿತ್ಕೊಳ್ಳೋಕೆ ಆಗಲ್ಲ, ಆದ್ರೆ ಎರಡೂ ಎಲೆಕ್ಟ್ರಾನ್ ಎರಡು ನ್ಯೂಕ್ಲಿಯಸ್‌ಗಳ ನಡುವಿನ ಜಾಗದಲ್ಲಿ ಹೆಚ್ಚು ಹೊತ್ತು ಇದ್ರೆ ಎರಡೂ ನ್ಯೂಕ್ಲಿಯಸ್ ಅವನ್ನ ಎಳೀತಾವೆ, ಆ ಎಳೆತನೇ ಎರಡನ್ನೂ ಕಟ್ಟಿಹಾಕುತ್ತೆ. ಇದು ಸಹವೇಲೆನ್ಸಿ ಬಂಧ, ಹಂಚಿಕೊಳ್ಳೋದು ಅಂತ ಪುಸ್ತಕದಲ್ಲಿ ಇರುತ್ತೆ. ಇಲ್ಲೂ ಅದೇ ಪ್ಲಸ್ಸು ಮೈನಸ್ಸು, ಬೇರೇನೂ ಇಲ್ಲ. ಆಕ್ಸಿಜನ್ ಜೊತೆ ಹೈಡ್ರೋಜನ್ ಸೇರಿದಾಗ ಹಂಚಿಕೆ ಸಮ ಇರಲ್ಲ, ಆಕ್ಸಿಜನ್ ತನ್ನ ಕಡೆ ಜಾಸ್ತಿ ಎಳ್ಕೊಳ್ಳುತ್ತೆ, ಹಾಗಾಗಿ ನೀರಿನ ಅಣುವಲ್ಲಿ ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಹೈಡ್ರೋಜನ್‌ಗಳ ಕಡೆ ಸ್ವಲ್ಪ ಪ್ಲಸ್. ಅಣು ನೇರ ಗೆರೆ ತರ ಇದ್ದಿದ್ರೆ ಎರಡೂ ಕಡೆ ಸಮ ಆಗಿ ಹೋಗ್ತಿತ್ತು, ಆದ್ರೆ ಅದು 104.5 ಡಿಗ್ರಿಯಲ್ಲಿ ಬಾಗಿದೆ, ಹಾಗಾಗಿ ಒಂದು ಕಡೆ ಪ್ಲಸ್ ಒಂದು ಕಡೆ ಮೈನಸ್ ಉಳ್ಕೊಳ್ಳುತ್ತೆ. ಇದನ್ನ ಮರೀಬೇಡಿ, ಕೊನೇಲಿ ಬೇಕಾಗುತ್ತೆ.

ಇಲ್ಲಿ ತುಂಬಾ ಜನ ಎಡವೋ ಒಂದು ಜಾಗ ಇದೆ. ಬಂಧ ಮುರಿದಾಗ ಶಕ್ತಿ ಬರುತ್ತೆ ಅಂತ ಹೇಳೋದು ಎಲ್ಲಾ ಕಡೆ ಕೇಳ್ತೀನಿ, ಇದು ತಲೆಕೆಳಗು. ಅಂಟಿಕೊಂಡಿರೋ ಎರಡನ್ನ ಬಿಡಿಸೋಕೆ ಯಾವಾಗ್ಲೂ ಶಕ್ತಿ ಹಾಕಬೇಕು, ಅಂಟಿಕೊಂಡಾಗ ಶಕ್ತಿ ಹೊರಗೆ ಬರುತ್ತೆ. ಹೈಡ್ರೋಜನ್ ಉರಿದು ನೀರಾಗೋದನ್ನ ನೋಡಿ, ಒಂದು ಮೋಲ್ ಹೈಡ್ರೋಜನ್ ಬಂಧ ಮುರಿಯೋಕೆ 436, ಅರ್ಧ ಮೋಲ್ ಆಕ್ಸಿಜನ್ ಬಂಧ ಮುರಿಯೋಕೆ ಸುಮಾರು 249, ಒಟ್ಟು 685 ಕಿಲೋಜೂಲ್ ಖರ್ಚು, ಆಮೇಲೆ ನೀರಲ್ಲಿ ಎರಡು ಹೊಸ ಬಂಧ, ಒಂದೊಂದಕ್ಕೂ ಸುಮಾರು 463, ಒಟ್ಟು 926 ವಾಪಸ್, ಉಳಿದ 241 ಬಿಸಿಯಾಗಿ ಹೊರಗೆ. ಹೈಡ್ರೋಜನ್ ಆಕ್ಸಿಜನ್ ಬೆರೆಸಿಟ್ರೂ ಕಿಡಿ ಕೊಡೋ ತನಕ ಸುಮ್ನೆ ಇರೋದು ಇದಕ್ಕೇ, ಮೊದಲ ಕೆಲವು ಬಂಧ ಮುರಿಯೋ ಖರ್ಚನ್ನ ಯಾರಾದ್ರೂ ಹೊರಗಿಂದ ಕೊಡಬೇಕು, ಆಮೇಲೆ ಬಂದ ಶಕ್ತೀಲೇ ಪಕ್ಕದ್ದು ಮುರಿಯುತ್ತೆ.

ಮೋಲ್ ವಿಷಯ ಬಾಕಿ ಇದೆ. ಪರಮಾಣು ಒಂದೊಂದಾಗಿ ತೂಗೋಕೆ ಆಗಲ್ಲ, ಆದ್ರೆ ಪ್ರತಿಕ್ರಿಯೆ ನಡೆಯೋದು ಎಣಿಕೆಯ ಲೆಕ್ಕದಲ್ಲಿ, ಎರಡಕ್ಕೆ ಒಂದು, ಒಂದಕ್ಕೆ ಒಂದು ಅಂತ. ತೂಕದಿಂದ ಎಣಿಕೆಗೆ ಹೋಗೋಕೆ ಒಂದು ಸೇತುವೆ ಬೇಕಿತ್ತು, ಅದೇ ಮೋಲ್: 6.022 ಬರೆದು ಪಾಯಿಂಟನ್ನ 23 ಸ್ಥಾನ ಬಲಕ್ಕೆ ಸರಿಸಿದ್ರೆ ಬರೋ ಸಂಖ್ಯೆ, ಅವೊಗಾಡ್ರೊ ಹೆಸರಲ್ಲಿದೆ, 2019ರಿಂದ ಆ 6.022ರ ಪೂರ್ತಿ ಬೆಲೆಯನ್ನ ನಿಖರವಾಗಿ 6.02214076 ಅಂತ ನಿಗದಿ ಮಾಡಿದ್ದಾರೆ. ಈ ಸಂಖ್ಯೆಯ ಅನುಕೂಲ ಏನಂದ್ರೆ, ಕೋಷ್ಟಕದಲ್ಲಿರೋ ತೂಕವನ್ನೇ ಗ್ರಾಂನಲ್ಲಿ ತೂಗಿದ್ರೆ ಒಂದು ಮೋಲ್ ಆಗುತ್ತೆ, 23 ಗ್ರಾಂ ಸೋಡಿಯಂ ಒಂದು ಮೋಲ್, 35.5 ಗ್ರಾಂ ಕ್ಲೋರಿನ್ ಪರಮಾಣು ಒಂದು ಮೋಲ್, ಸೇರಿದ್ರೆ 58.5 ಗ್ರಾಂ ಉಪ್ಪು, ಒಂದು ಗ್ರಾಂ ಆಚೆ ಈಚೆ ಆಗಲ್ಲ, ಯಾಕಂದ್ರೆ ಪರಮಾಣು ಹೊಸದಾಗಿ ಹುಟ್ಟಿಲ್ಲ, ಸತ್ತಿಲ್ಲ, ಜೊತೆಗಾರರು ಬದಲಾಗಿದ್ದಾರೆ ಅಷ್ಟೇ. ಸಮೀಕರಣ ಸರಿದೂಗಿಸೋದು ಅಂತ ಪರೀಕ್ಷೆಲಿ ಕೇಳ್ತಾರಲ್ಲ, ಅದು ಈ ಮಾತನ್ನೇ ಲೆಕ್ಕದಲ್ಲಿ ಬರೆಯೋದು, ಬಾಣದ ಎಡಕ್ಕೆ ಎಷ್ಟು ಪರಮಾಣು ಇತ್ತೋ ಬಲಕ್ಕೂ ಅಷ್ಟೇ ಇರಬೇಕು. ಸಂಖ್ಯೆ ಎಷ್ಟು ದೊಡ್ಡದು ಅಂತ ಅಂದಾಜು ಬೇಕಿದ್ರೆ ಒಂದು ಸಣ್ಣ ಹನಿ ನೀರು ತಗೊಳ್ಳಿ, 0.05 ಗ್ರಾಂ, ಅದರ ಅಣುಗಳನ್ನ ಭೂಮಿ ಮೇಲಿನ 800 ಕೋಟಿ ಜನ ಹಂಚ್ಕೊಂಡು ಒಬ್ಬೊಬ್ಬರು ಸೆಕೆಂಡಿಗೆ ಒಂದರಂತೆ ನಿದ್ದೆ ಇಲ್ಲದೇ ಎಣಿಸಿದ್ರೂ ಮುಗಿಯೋಕೆ ಆರು ಸಾವಿರ ವರ್ಷ ದಾಟುತ್ತೆ.

ಇಷ್ಟೆಲ್ಲಾ ಆದಮೇಲೆ ಉಪ್ಪನ್ನ ನೀರಿಗೆ ಹಾಕಿ ನೋಡೋಣ. 801 ಡಿಗ್ರಿ ತನಕ ಅಲ್ಲಾಡದ ಆ ಚೌಕಳಿ ತಣ್ಣೀರಲ್ಲಿ ಒಂದೆರಡು ನಿಮಿಷದಲ್ಲಿ ಬಿಚ್ಚಿ ಹೋಗುತ್ತೆ. ಬಾಗಿದ ನೀರಿನ ಅಣುಗಳು ಹರಳಿನ ಅಂಚಿಗೆ ಬಂದು, ಸೋಡಿಯಂ ಅಯಾನಿಗೆ ತಮ್ಮ ಆಕ್ಸಿಜನ್ ಕಡೆ ತಿರುಗಿಸಿ, ಕ್ಲೋರೈಡ್ ಅಯಾನಿಗೆ ಹೈಡ್ರೋಜನ್ ಕಡೆ ತಿರುಗಿಸಿ ಸುತ್ತ ಮುತ್ಕೊಳ್ತಾವೆ, ಸಾಲಿಂದ ಒಂದೊಂದನ್ನೇ ಬಿಡಿಸಿ ಒಯ್ತಾವೆ. ಚೌಕಳಿ ಬಿಡಿಸೋಕೆ ಬೇಕಾದ 787 ಕಿಲೋಜೂಲನ್ನ ನೀರು ಸುತ್ತ ಸೇರಿದಾಗ ಬರೋ ಶಕ್ತಿ ಹೆಚ್ಚುಕಮ್ಮಿ ಪೂರ್ತಿ ತುಂಬಿಸಿಬಿಡುತ್ತೆ, ಹಾಗಾಗಿ ಉಪ್ಪು ಕರಗಿದಾಗ ಲೋಟ ಹೇಳ್ಕೊಳ್ಳೋ ಹಾಗೆ ಬಿಸಿಯೂ ಆಗಲ್ಲ ತಣ್ಣಗೂ ಆಗಲ್ಲ. ಆ ನೀರಲ್ಲಿ ಈಗ ಉಪ್ಪಿನ ಅಣು ಅಂತ ಯಾವುದೂ ಇಲ್ಲ, ಬಿಡಿ ಬಿಡಿ ಅಯಾನುಗಳು ತೇಲ್ತಾ ಇವೆ, ಅದಕ್ಕೇ ಉಪ್ಪು ನೀರಲ್ಲಿ ಕರೆಂಟ್ ಹರಿಯುತ್ತೆ, ಒಣ ಉಪ್ಪಲ್ಲಿ ಹರಿಯಲ್ಲ.

ಆ ನೀರಿನ ಒಂದು ಹನಿಯನ್ನ ಗಾಜಿನ ಚೂರಿನ ಮೇಲೆ ಇಟ್ಟು, ಯಾರೂ ಅಲ್ಲಾಡಿಸದ ಕಡೆ ಬಿಟ್ಟು, ನೀರು ತಾನಾಗೇ ಆರಿದ್ಮೇಲೆ ಭೂತಗನ್ನಡಿ ಹಿಡಿದು ನೋಡಿ. ಅಂಚಲ್ಲಿ ಸಣ್ಣ ಸಣ್ಣ ಚೌಕಗಳು ಕಾಣ್ತಾವೆ, ಮೂಲೆ ಮೂಲೆ 90 ಡಿಗ್ರಿ, ಯಾರೋ ಅಳೆದು ಕತ್ತರಿಸಿ ಇಟ್ಟ ಹಾಗೆ. ನೀರು ಹೋದಮೇಲೆ ಪ್ಲಸ್ ಪಕ್ಕ ಮೈನಸ್, ಮೈನಸ್ ಪಕ್ಕ ಪ್ಲಸ್ ಅಂತ ಅವು ಮತ್ತೆ ಸಾಲು ಕಟ್ಟಿಕೊಂಡಿವೆ, ಆ ಸಾಲಿನ ಆಕಾರನೇ ನಿಮ್ಮ ಕಣ್ಣಿಗೆ ಕಾಣ್ತಿರೋದು.